ಗುಡ್ಡದ ಮೇಲಿನ ಹತ್ತು ಸೆಂಟಿಮೀಟರ್

ಫೆಬ್ರವರಿ 6

ಅಪ್ಪನಿಗೆ,

ನಿನ್ನ ಕಿವಿಗೆ ಫೋನು ಆಗಿಬರುವುದಿಲ್ಲ, ಕಣ್ಣಿಗೆ ಫೋನಿನ ಪರದೆ ಆಗಿಬರುವುದಿಲ್ಲ. ಹಾಗಾಗಿ ಪೆನ್ನು ಹಿಡಿದು ಕೂತಿದ್ದೇನೆ. ಅಕ್ಷರ ನೋಡಿ ಬೈಯಬೇಡ. ಇಲ್ಲಿ ನನಗೆ ಕೊಟ್ಟಿರುವ ಮೇಜಿನ ಒಂದು ಕಾಲು ಗಿಡ್ಡ, ಸಾಲದ್ದಕ್ಕೆ ಬೆಳಗಿನಿಂದ ನನ್ನ ತಲೆ ಬೇರೆ ಕೆಟ್ಟಿದೆ.

ಕೆಲಸ ಏನೆಂದು ಹೊರಡುವಾಗ ಸರಿಯಾಗಿ ಹೇಳಲಿಲ್ಲ. ನೀನು ಆಗ ಮುಖ ಊದಿಸಿಕೊಂಡಿದ್ದೆ. ಮೇಲಿನ ಜಲಾಶಯದಿಂದ ಕೆಳಗಿನ ದೊಡ್ಡ ಆಸ್ಪತ್ರೆಗೆ ನೀರಿನ ಪೈಪು ಹಾಕುತ್ತಾರೆ. ಪಂಪು ಗಿಂಪು ಏನೂ ಇಲ್ಲ, ನೀರು ತನ್ನಷ್ಟಕ್ಕೆ ತಾನೇ ಇಳಿದು ಬರಬೇಕು. ದಾರಿ ಉದ್ದ, ಇಳಿಜಾರು ಅಷ್ಟಕ್ಕಷ್ಟೆ. ಎತ್ತರ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ತಪ್ಪಿದರೆ ನೀರು ಅರ್ಧದಲ್ಲೇ ನಿಂತುಬಿಡುತ್ತದೆ. ನಾನು ಎತ್ತರಗಳಿಗೆ ಸಹಿ ಹಾಕಿದ ಮೇಲೆ ಅಗೆತ ಶುರು.

ನಿನ್ನ ಸರ್ವೆ ಕಾಲದ ಹಾಗೆ ದುರ್ಬೀನಿನ ಲೆವೆಲ್ ಯಂತ್ರ ಹೊತ್ತು ನಡೆಯುವುದಿಲ್ಲ, ಜಿಪಿಎಸ್ ಎಂದು ನಿನಗೆ ಗೊತ್ತು. ರಿಸೀವರ್ ಎರಡು. ಒಂದು ದಿನವಿಡೀ ಗುಡ್ಡದ ಮೇಲೆ, ಎತ್ತರ ಗೊತ್ತಿರುವ ಕಲ್ಲಿನ ನೆತ್ತಿಗೆ ಸರಿಯಾಗಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ. ಅದಕ್ಕೆ ಬೇಸ್ ಎನ್ನುತ್ತೇವೆ. ಇನ್ನೊಂದನ್ನು ನಾನು ಕೋಲಿಗೆ ಸಿಕ್ಕಿಸಿಕೊಂಡು ಪೈಪಿನ ದಾರಿಯುದ್ದಕ್ಕೂ ಅಲೆಯುತ್ತೇನೆ. ಸಂಜೆ ಕಂಪ್ಯೂಟರಿನಲ್ಲಿ ಎರಡರ ಲೆಕ್ಕವನ್ನೂ ಸೇರಿಸಿದರೆ ಎತ್ತರ ಸಿಗುತ್ತದೆ. ಎರಡೂ ನೋಡಲು ಬಿಳಿ ಅಣಬೆಯ ಹಾಗಿವೆ. ಕಡ್ಡಿ ಮಾಮ ಅವನ್ನು ಅಣಬೆ ಎಂದೇ ಕರೆಯುತ್ತಾನೆ.

ಹೌದು, ನಿನ್ನ ಭಾಮೈದನ ಹೆಸರು ಎತ್ತಿದೆ, ವರ್ಷಾನುಗಟ್ಟಲೆ ನಿನಗೆ ಅಳತೆಪಟ್ಟಿ ಹಿಡಿದವನ ಹೆಸರು. ಅವನನ್ನು ನಿನಗೆ ಹೇಳದೆ ಕರೆದುಕೊಂಡು ಬಂದವಳು ನಾನು, ಸಿಟ್ಟಿದ್ದರೆ ನನ್ನ ಮೇಲೆ ಇರಲಿ. ಬೆಳಿಗ್ಗೆ ಗುಡ್ಡ ಹತ್ತಿ ಬೇಸ್ ನಿಲ್ಲಿಸುವುದು ಅವನ ಕೆಲಸ. ಕಲ್ಲಿನಿಂದ ಅಣಬೆಯವರೆಗೆ ಎಷ್ಟು ಎತ್ತರ ಇದೆ ಎಂದು ಅಳೆದು, ಚೀಟಿಯಲ್ಲಿ ಬರೆದು ಸಂಜೆ ನನ್ನ ಕೈಗೆ ಕೊಡುತ್ತಾನೆ. ಅಳೆಯುವುದು ನಿನ್ನ ಆ ಮುರುಕು ಟೇಪಿನಿಂದಲೇ. ಬೇರೆ ಟೇಪು ಕೊಟ್ಟರೆ ಮೂಸಿಯೂ ನೋಡುವುದಿಲ್ಲ. ಅದರ ಮೊದಲ ಹತ್ತು ಸೆಂಟಿಮೀಟರ್ ತುಂಡಾಗಿ ಹೋಗಿದೆ, ಅಳತೆಯಲ್ಲಿ ಹತ್ತು ಕಳೆಯಲೇಬೇಕು ಎಂದು ನಾನು ಕಾಲೇಜಿನಲ್ಲಿದ್ದಾಗ ನೀನು ತಲೆಗೆ ಕುಟ್ಟಿ ಕುಟ್ಟಿ ಹೇಳಿದ್ದೆಯಲ್ಲ, ಮರೆತಿಲ್ಲ. ಕಂಪ್ಯೂಟರಿಗೆ ಹಾಕುವಾಗ ಕಳೆದೇ ಹಾಕುತ್ತೇನೆ.

ಇಷ್ಟಾದರೂ ಎತ್ತರ ಕೂಡುತ್ತಿಲ್ಲ. ಆಸ್ಪತ್ರೆಯ ಗೇಟಿನ ಬಳಿ ಎತ್ತರ ಗೊತ್ತಿರುವ ಇನ್ನೊಂದು ಗುರುತಿನ ಕಲ್ಲಿದೆ. ಸಂಜೆ ಅದರ ಮೇಲೆ ಕೋಲು ಇಟ್ಟು ನೋಡುತ್ತೇನೆ. ಒಂದು ದಿನ ಎಂಟು ಸೆಂಟಿಮೀಟರ್ ಕಡಿಮೆ, ಇನ್ನೊಂದು ದಿನ ಹನ್ನೆರಡು ಕಡಿಮೆ. ಅಪರೂಪಕ್ಕೆ ಒಂದು ದಿನ ಏನೂ ಆಗಿಲ್ಲವೆಂಬಂತೆ ಸರಿಯಾಗಿ ಕೂಡುತ್ತದೆ. ದಿನಾ ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ಹಿಡಿಯಬಹುದಿತ್ತು. ಇದು ಬೇಕೆಂದೇ ನನ್ನ ಹತ್ತಿರ ಆಟ ಆಡುತ್ತಿದೆ.

ಮಾಮ ಎರಡು ದಿನಕ್ಕೊಮ್ಮೆ ಭಾವ ಕಾಗದ ಬರೆದರಾ ಎಂದು ಕೇಳುತ್ತಾನೆ. ನೀನೇ ಬರೆ ಎಂದರೆ ಮಾತ್ರ ಎದ್ದು ಹೋಗುತ್ತಾನೆ.

ನಿನ್ನ ಮಗಳು


ಫೆಬ್ರವರಿ 13

ಮಗಳೇ,

ಪತ್ರ ಬಂತು. ಮೇಜಿನ ಕಾಲಿಗೆ ರಟ್ಟು ಮಡಿಸಿ ಇಡು, ಅದಕ್ಕೂ ಜಿಪಿಎಸ್ ಬೇಕಾ?

ಕಾಲಡಿಯ ನೆಲದ ಎತ್ತರ ತಿಳಿಯಲು ಆಕಾಶಕ್ಕೆ ಬಾಯಿ ಬಿಟ್ಟುಕೊಂಡು ನಿಲ್ಲುವ ಯಂತ್ರವನ್ನು ನಾನು ಮೊದಲಿನಿಂದಲೂ ನಂಬಿದವನಲ್ಲ. ಲೆವೆಲ್ಲು, ಗೆರೆ ಹಾಕಿದ ಸ್ಟಾಫು, ಎರಡು ಕಾಲು. ಅಷ್ಟೇ ಇಟ್ಟುಕೊಂಡು ಒಂದು ಆಯುಷ್ಯದ ಕೆಲಸ ಮಾಡಿದೆ. ನಾನು ತೋರಿಸಿದ ದಾರಿಯಲ್ಲಿ ನೀರು ನಿಂತದ್ದಿಲ್ಲ. ಆದರೆ ನನ್ನ ಮಾತು ಈಗ ಯಾರಿಗೆ ಬೇಕು, ಬಿಡು.

ಇಷ್ಟು ಬರೆದಿದ್ದೀಯ ಎಂದು ಹೇಳುತ್ತೇನೆ. ಮೊದಲು ಸ್ಟ್ಯಾಂಡಿನ ಕಾಲು ನೆಲಕ್ಕೆ ಗಟ್ಟಿಯಾಗಿ ಊರಿದೆಯೇ ನೋಡು. ಬಿಸಿಲಿಗೆ ಮಣ್ಣು ಸಡಿಲವಾದರೆ ಮಧ್ಯಾಹ್ನದ ಹೊತ್ತಿಗೆ ಕೂತುಬಿಡುತ್ತದೆ. ಟೇಪಿನ ಹತ್ತು ಕಳೆಯುತ್ತೇನೆ ಎಂದು ನೀನೇ ಬರೆದಿದ್ದೀಯ. ಹಾಗಾದರೆ ಟೇಪಿನ ತಕರಾರಿಲ್ಲ. ತಕರಾರು ನಿನ್ನ ಅಣಬೆಯದೇ. ಆ ಟೇಪು ಆಫೀಸಿನದು, ಜೀಪಿನ ಚಕ್ರಕ್ಕೆ ಸಿಕ್ಕಿ ತುಂಡಾದಾಗಲೇ ಗುಜರಿಗೆ ಹೋಗಬೇಕಿತ್ತು. ಅದು ನನ್ನ ಕೈಗೆ ಒಗ್ಗಿತ್ತು, ಅದಕ್ಕೇ ಉಳಿಸಿಕೊಂಡೆ. ಅದರ ವಿಷಯ ಆಚೆ ಎಲ್ಲೂ ಬಾಯಿ ಬಿಡಬೇಡ.

ನಿನ್ನ ಜೊತೆಯಲ್ಲಿರುವವನ ಬಗ್ಗೆ ನಾನು ಕೇಳುವುದಿಲ್ಲ, ನೀನೂ ಬರೆಯುವುದು ಬೇಡ. ಕೂಗಿ ಹೇಳಿದ ಅಂಕಿ ಇವರಿಗೆ ಕೇಳಿಸುವುದಿಲ್ಲ ಎಂದು ಆಫೀಸಿನವರ ಎದುರಿಗೆ ಹೇಳಿ ನನ್ನನ್ನು ಮನೆಗೆ ಕಳಿಸಿದವನು ಅವನು. ನಿನ್ನ ಅಮ್ಮ ಇದ್ದಿದ್ದರೆ ತಮ್ಮನ ಕಿವಿ ಹಿಂಡುತ್ತಿದ್ದಳು.

ಹಿಂದಿನ ಬೀದಿಯಲ್ಲಿ ಬೀಗ ಹಾಕಿಕೊಂಡಿರುವ ಮನೆಯ ಅಂಗಳದ ನಲ್ಲಿ ತೊಟ್ಟಿಕ್ಕುತ್ತಿತ್ತು. ಆ ಕಡೆ ಹೋಗಿದ್ದವನು ತಿರುಗಿಸಿ ಬಂದೆ. ನೀರು ಪೋಲಾಗುವುದು ನನಗೆ ಆಗುವುದಿಲ್ಲ, ಅಷ್ಟೇ.

ನಿನ್ನ ಅಪ್ಪ


ಫೆಬ್ರವರಿ 25

ಅಪ್ಪ,

ಸ್ಟ್ಯಾಂಡಿನ ಕಾಲು ಗಟ್ಟಿಯಾಗಿದೆ. ಮೇಜಿನ ಕಾಲೂ ಗಟ್ಟಿಯಾಯಿತು. ನನ್ನ ಪ್ರಾಣಕ್ಕೆ ಮಾತ್ರ ನೆಮ್ಮದಿ ಇಲ್ಲ.

ಏನೇನು ಮಾಡಿದೆ ಕೇಳು. ಕೋಲಿನ ರಸಮಟ್ಟದ ಗುಳ್ಳೆ ಸುಳ್ಳು ಹೇಳುತ್ತಿತ್ತು. ಗುಳ್ಳೆ ನಡುವೆ ಕೂತಿದ್ದರೂ ಕೋಲು ವಾಲಿರುತ್ತಿತ್ತು. ಅದನ್ನು ಸರಿಮಾಡಿದ ಮೇಲೆ ಅಕ್ಕಪಕ್ಕದ ತಪ್ಪು ಹೋಯಿತು, ಎತ್ತರದ ತಪ್ಪು ಅಲ್ಲೇ ಇತ್ತು. ಆಮೇಲೆ ಕಣ್ಣು ಬಿದ್ದದ್ದು ಆಸ್ಪತ್ರೆ ಗೇಟಿನ ಪಕ್ಕದ ತಗಡಿನ ಶೆಡ್ಡಿನ ಮೇಲೆ. ಉಪಗ್ರಹದಿಂದ ಬಂದ ಸಂಕೇತ ನೇರವಾಗಿ ಅಣಬೆಗೆ ಬರುವುದು ಬಿಟ್ಟು ತಗಡಿಗೆ ಬಡಿದು ಸುತ್ತಿ ಬರುತ್ತದೆ. ಸುತ್ತಿ ಬಂದದ್ದನ್ನು ಅದು ದೂರದಿಂದ ಬಂದದ್ದೆಂದು ಲೆಕ್ಕ ಹಾಕುತ್ತದೆ. ಹತ್ತಿರ ತಗಡಿಲ್ಲದ ಕಡೆ, ಶಾಲೆಯ ಕಾಂಪೌಂಡಿನ ಒಳಗಿರುವ ಇನ್ನೊಂದು ಗುರುತಿನ ಕಲ್ಲು ಹುಡುಕಿಕೊಂಡೆ. ಎಂಟು, ಹನ್ನೆರಡು ಎಂದು ಕುಣಿಯುವುದು ನಿಂತಿತು. ಈಗ ಹತ್ತರ ಆಸುಪಾಸಿನಲ್ಲೇ ಗಟ್ಟಿಯಾಗಿ ಕೂತಿದೆ. ಜ್ವರದವನಿಗೆ ನಡುಕ ನಿಂತು ಜ್ವರ ಮಾತ್ರ ಉಳಿದ ಹಾಗೆ.

ಯಂತ್ರದ ಕಂಪನಿಗೆ ಫೋನ್ ಮಾಡಿದೆ. ಒಬ್ಬಳು ಜೇನು ಸುರಿದಂಥ ದನಿಯಲ್ಲಿ, ಮೇಡಂ, ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದಳು. ಮಾಡಿದ್ದೇನೆ ಎಂದೆ. ಹಾಗಾದರೆ ಇನ್ನೊಮ್ಮೆ ಮಾಡಿ ಎಂದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೊನೆಗೆ ಎರಡೂ ಅಣಬೆಗಳನ್ನು ಪಾರ್ಸೆಲ್ ಮಾಡಿ ಅವರಿಗೇ ಕಳಿಸಿದೆ. ವಾರ ಕಳೆದು ವಾಪಸ್ ಬಂತು, ಯಾವ ದೋಷವೂ ಇಲ್ಲ ಎಂಬ ಪತ್ರ ಸಮೇತ. ಅಂದರೆ ದೋಷ ಇರುವುದು ನನ್ನಲ್ಲಿ ಎಂದಾಯಿತು.

ಹತ್ತು ಎಂದ ಕೂಡಲೇ ನಿನಗೆ ಟೇಪು ನೆನಪಾಗುತ್ತದೆ. ನನಗೂ ಆಯಿತು. ಆದರೆ ಲೆಕ್ಕ ಹಾಕಿ ನೋಡು. ನಾನು ಹತ್ತು ಕಳೆಯುವುದನ್ನು ಮರೆತಿದ್ದರೆ ಬೇಸಿನ ಎತ್ತರ ಹೆಚ್ಚಾಗಿ, ಉಳಿದ ಎಲ್ಲದರ ಎತ್ತರವೂ ಹೆಚ್ಚು ಬರಬೇಕಿತ್ತು. ನನ್ನದು ಕಡಿಮೆ ಬರುತ್ತಿದೆ. ಮರೆತಿಲ್ಲವೆಂದು ಕಂಪ್ಯೂಟರಿನಲ್ಲಿ ಒಂದೊಂದು ದಿನದ್ದೂ ತೆಗೆದು ನೋಡಿದೆ. ಒಂದು ದಿನವೂ ಮರೆತಿಲ್ಲ. ಟೇಪು ಅಲ್ಲ.

ಇಲ್ಲಿನ ಮ್ಯಾನೇಜರ್ ದಿನಕ್ಕೆರಡು ಸಲ ನನ್ನ ರೂಮಿನ ಬಾಗಿಲಲ್ಲಿ ನಿಂತು ವಾಚು ನೋಡಿಕೊಳ್ಳುತ್ತಾನೆ. ಅಗೆಯುವ ಯಂತ್ರಗಳು ಬಂದು ಗೇಟಿನ ಹೊರಗೆ ಸಾಲಾಗಿ ನಿಂತಿವೆ.

ಬರೆಯಬೇಡ ಎಂದರೂ ಬರೆಯುತ್ತೇನೆ: ಅವನ ಮನೆಯ ನಲ್ಲಿಯ ವಿಷಯ ಮಾಮನಿಗೆ ಓದಿ ಹೇಳಿದೆ. ಟೀ ಆರಿ ತಣ್ಣಗಾಗುವವರೆಗೂ ಲೋಟ ಹಿಡಿದು ಕೂತಿದ್ದ.

ನಿನ್ನ ಮಗಳು


ಮಾರ್ಚ್ 4

ಮಗಳೇ,

ಕಳೆದಿದ್ದೀಯ ಎಂದ ಮೇಲೆ ಕಳೆದಿದ್ದೀಯ. ಟೇಪು ಬಿಡು. ನನ್ನ ತಲೆಗೂ ಬೇರೆ ಏನೂ ಹೊಳೆಯುತ್ತಿಲ್ಲ, ಅದಕ್ಕೆ ಸಿಟ್ಟು ಬರುತ್ತಿದೆ. ನೀನು ಎದುರಿಗೆ ಇದ್ದಿದ್ದರೆ ಇಬ್ಬರೂ ಕೂಗಾಡಬಹುದಿತ್ತು. ಕಾಗದದಲ್ಲಿ ಕೂಗಾಡುವುದಕ್ಕೆ ಶಾಯಿ ದಂಡ.

ಒಂದೇ ಒಂದು ಕೇಳುತ್ತೇನೆ. ಸರಿಯಾಗಿ ಕೂಡಿದ ದಿನಗಳಿವೆ ಅಂದೆ. ಆ ದಿನಗಳಲ್ಲಿ ಏನು ಬೇರೆ ಇತ್ತು? ಬಿಸಿಲೋ ಮೋಡವೋ, ಬೇರೆ ದಾರಿಯೋ, ಬೇರೆ ಸ್ಟ್ಯಾಂಡೋ. ಕೆಟ್ಟದ್ದನ್ನೇ ನೋಡುತ್ತ ಕೂತಿದ್ದೀಯ. ಸರಿ ಇದ್ದದ್ದನ್ನು ನೋಡು.

ಕಿವಿಯ ಯಂತ್ರ ತಂದಿದ್ದೇನೆ. ಹಾಕಿಕೊಂಡರೆ ಪಕ್ಕದ ಮನೆಯ ಮಿಕ್ಸರ್ ಮಾತ್ರ ಕೇಳಿಸುತ್ತದೆ. ಡಬ್ಬಿಯಲ್ಲೇ ಇಟ್ಟಿದ್ದೇನೆ.

ನಿನ್ನ ಅಪ್ಪ


ಮಾರ್ಚ್ 15

ಅಪ್ಪ,

ಸರಿ ಇದ್ದದ್ದನ್ನು ನೋಡು ಎಂದೆಯಲ್ಲ, ನೋಡಿದೆ. ನೋಡದೆ ಇದ್ದಿದ್ದರೆ ಚೆನ್ನಾಗಿತ್ತು.

ಸರಿಯಾಗಿ ಕೂಡಿದ ದಿನಗಳೆಲ್ಲ ಬೇಸ್ ನಿಲ್ಲಿಸಲು ನಾನೇ ಗುಡ್ಡಕ್ಕೆ ಹೋದ ದಿನಗಳು. ಒಮ್ಮೆ ಮಾಮನಿಗೆ ಮೈ ಸರಿ ಇರಲಿಲ್ಲ. ಒಮ್ಮೆ ಅವನನ್ನು ಸಾಮಾನು ತರಲು ಕಳಿಸಿದ್ದೆ. ಒಮ್ಮೆ ಸುಮ್ಮನೆ ನಾನೇ ಹೋಗಿದ್ದೆ. ನಂಬಿಕೆ ಬರದೆ ಈ ವಾರ ಒಂದು ದಿನ ಅವನು, ಒಂದು ದಿನ ನಾನು ಎಂದು ಬದಲಿಸಿ ನೋಡಿದೆ. ಅವನು ಹೋದ ದಿನ ಹತ್ತು ಕಡಿಮೆ. ನಾನು ಹೋದ ದಿನ ಸರಿ. ಅದೇ ಅಣಬೆ, ಅದೇ ಕಲ್ಲು, ಅದೇ ಸ್ಟ್ಯಾಂಡು, ಅದೇ ಟೇಪು. ಬದಲಾಗುವುದು ಮನುಷ್ಯ ಒಬ್ಬನೇ.

ಆ ಟೇಪಿನ ಅಂಕಿಗಳು ಸವೆದು ಮಾಸಿವೆ. ಅವನು ಐವತ್ತಾರನ್ನು ನಲವತ್ತಾರು ಎಂದು ಓದುತ್ತಿರಬೇಕು. ದಿನಾ ಹಾಗೇ ಓದುವುದು ಹೇಗೆ ಎಂದು ನೀನು ಕೇಳುತ್ತೀಯ. ನನಗೂ ಗೊತ್ತಿಲ್ಲ. ಮೊನ್ನೆ ರಸ್ತೆಯಲ್ಲಿ ನಿಂತಿದ್ದಾಗ ಎದುರಿಗೆ ಬರುತ್ತಿದ್ದ ಬಸ್ಸಿನ ನಂಬರ್ ಎಷ್ಟು ಎಂದು ಬೇಕೆಂದೇ ಕೇಳಿದೆ. ಯಾವ ಬಸ್ಸು ಎಂದ. ಬಸ್ಸೇ ಕಾಣಿಸಿಲ್ಲ.

ಸುತ್ತಿ ಬಳಸಿ ಕೇಳಿದೆ: ಮಾಮ, ಅಳೆಯುವಾಗ ಟೇಪು ಸರಿಯಾಗಿ ನೋಡುತ್ತೀಯ ತಾನೇ? ಅವನ ಮುಖ ಸಣ್ಣದಾಯಿತು.

"ನಿಮ್ಮಪ್ಪನ ಹತ್ರ ಇಷ್ಟು ವರ್ಷ ಕೆಲಸ ಮಾಡಿದೆ ಪುಟ್ಟಿ. ಒಂದು ದಿನ ಅವರು ಈ ಮಾತು ಕೇಳಲಿಲ್ಲ."

ಆಮೇಲೆ ಇನ್ನೇನು ಕೇಳಲಿ? ನಾನು ನಡೆಯಲು ಕಲಿತದ್ದು ಅವನ ಸ್ಟಾಫು ಹಿಡಿದುಕೊಂಡು. ಆ ಅಳತೆಪಟ್ಟಿಯ ಕೆಂಪು ಕಪ್ಪು ಗೆರೆ ಎಣಿಸಿ ಅಂಕಿ ಕಲಿತವಳು ನಾನು. ಚೀಟಿ ಇಸಿದುಕೊಂಡು ರೂಮಿಗೆ ಬಂದೆ.

ಮ್ಯಾನೇಜರ್ ಇವತ್ತು ವಾಚು ನೋಡಲಿಲ್ಲ, ನೇರವಾಗಿ ಕೇಳಿದ. "ಮೇಡಂ, ಮಿಷನ್ ಬದಲಾಯಿಸಬೇಕಾ, ಮನುಷ್ಯನ್ನ ಬದಲಾಯಿಸಬೇಕಾ? ಒಂದು ಹೇಳಿ. ಇಪ್ಪತ್ತೈದಕ್ಕೆ ಅಗೆಯೋದೇ." ಯಂತ್ರ ಸರಿ ಇದೆ ಎಂದು ಕಂಪನಿಯ ಪತ್ರ ಅವನ ಫೈಲಿನಲ್ಲೇ ಇದೆ. ಉಳಿದವನು ಮಾಮ. ಗುಡ್ಡದ ಕೆಲಸ ತಪ್ಪಿದರೆ ಅವನಿಗೆ ಇಲ್ಲಿ ಬೇರೆ ಕೆಲಸ ಕೊಡುವುದಿಲ್ಲ, ಮನೆಗೇ ಕಳಿಸುತ್ತಾರೆ. ಮನೆಗೆ ಹೋದರೆ ಆ ಒಂಟಿ ಜೀವಕ್ಕೆ ಯಾರಿದ್ದಾರೆ? ಮಾತು ಬಿಟ್ಟ ಭಾವ ಒಬ್ಬ.

ಏನು ಮಾಡಲಿ ಹೇಳು. ಈ ಸಲ ಲೆವೆಲ್ಲಿನ ಗುಣಗಾನ ಬೇಡ.

ನಿನ್ನ ಮಗಳು


ಮಾರ್ಚ್ 21

ಮಗಳೇ,

ಕಡ್ಡಿಯ ಕಣ್ಣು ಹೋಗಿದೆ ಎಂದು ನಾನು ನಂಬುವುದಿಲ್ಲ. ಅವನ ಮೇಲೆ ನನಗಿರುವ ಸಿಟ್ಟು ನಿನಗೆ ಗೊತ್ತೇ ಇದೆ. ಹಾಗಿದ್ದೂ ಹೇಳುತ್ತಿದ್ದೇನೆ. ಫರ್ಲಾಂಗು ದೂರದಿಂದ ನನ್ನ ಬೆರಳಿನ ಸನ್ನೆ ನೋಡಿ ಸ್ಟಾಫು ಸರಿಸುತ್ತಿದ್ದವನು. ಬಸ್ಸು ಕಾಣಲಿಲ್ಲ ಎಂದರೆ ಆಗ ಅವನ ತಲೆಯಲ್ಲಿ ಬೇರೇನೋ ಇತ್ತು ಅಂತ. ಅದೇನು ಎಂದು ನೀನು ಕೇಳಿದೆಯಾ?

ಆ ಮ್ಯಾನೇಜರಿಗೆ ಏನೂ ಹೇಳಬೇಡ. ಅವನ ಹತ್ತಿರ ಇನ್ನೆರಡು ದಿನ ಗಡುವು ಕೇಳು. ಒಂದು ದಿನ ಇಬ್ಬರೂ ಒಟ್ಟಿಗೆ ಗುಡ್ಡಕ್ಕೆ ಹೋಗಿ, ಅವನು ಅಳೆಯುವಾಗ ಪಕ್ಕದಲ್ಲೇ ನಿಂತು ನೋಡು. ಇಷ್ಟು ಸಣ್ಣ ಕೆಲಸಕ್ಕೆ ನಾನು ಕಾಗದ ಬರೆಯಬೇಕಾ?

ನಿನ್ನ ಅಪ್ಪ


ಮಾರ್ಚ್ 24

ಅಪ್ಪ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾದು ಕಾದು ಸಾಕಾಯಿತು. ಇವತ್ತು ಹೇಳಿಬಿಟ್ಟೆ.

ಮ್ಯಾನೇಜರಿನ ರೂಮಿನಲ್ಲಿ ಲೆಕ್ಕದವರು, ಅಗೆಯುವ ಯಂತ್ರದವರು ಎಲ್ಲ ಇದ್ದರು. ಬೇಸಿನ ಅಳತೆಯಲ್ಲಿ ತಪ್ಪಾಗುತ್ತಿದೆ, ಅಳೆಯುವವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದೆ. ಮಾಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬಾಗಿಲು ತೆರೆದೇ ಇತ್ತು. ಅದು ನನಗೆ ಗೊತ್ತಿತ್ತು. ಎದುರಿಗೆ ಹೇಳುವುದಕ್ಕಿಂತ ಹಾಗೆ ಕೇಳಿಸಿಕೊಂಡರೆ ಸುಲಭ ಎಂದುಕೊಂಡೆ, ನೋಡು.

ಅವನು ಜಗಳ ಆಡಲಿಲ್ಲ. ಆಡಿದ್ದರೆ ನನಗೂ ಒಂದು ದಾರಿ ಇರುತ್ತಿತ್ತು. ಸಂಜೆ ಬಂದು, ಕಣ್ಣಿನ ಡಾಕ್ಟರ್ ನಮ್ಮೂರಲ್ಲೇ ಚೆನ್ನಾಗಿದ್ದಾರೆ ಅಲ್ವಾ ಎಂದು ನನ್ನನ್ನೇ ಕೇಳಿದ. ಹೌದು ಎಂದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾನೆ. ಅವನು ಗುಡ್ಡಕ್ಕೆ ಹೋಗಿದ್ದ ದಿನಗಳ ಕೆಲಸವನ್ನೆಲ್ಲ ನಾನು ಮತ್ತೆ ಮಾಡಬೇಕು. ಮ್ಯಾನೇಜರ್ ಹಲ್ಲು ಕಚ್ಚಿಕೊಂಡು ಎರಡು ವಾರ ಕೊಟ್ಟಿದ್ದಾನೆ.

ಸರಿಯಾದದ್ದನ್ನೇ ಮಾಡಿದ್ದೇನೆ. ಆಸ್ಪತ್ರೆಗೆ ನೀರು ಬರಬೇಕು ತಾನೇ? ಸರಿಯಾದದ್ದು ಮಾಡಿಯೂ ಊಟ ಸೇರುತ್ತಿಲ್ಲ.

ನಿನ್ನ ಮಗಳು


ಮಾರ್ಚ್ 26

ಅಪ್ಪ,

ಮೊನ್ನೆಯ ಪತ್ರದ ಬೆನ್ನಿಗೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಇಪ್ಪತ್ತೊಂದರ ಪತ್ರ ನಿನ್ನೆ ಮಧ್ಯಾಹ್ನ ಬಂತು. ಬರಬೇಕಾದಾಗ ಬರಲಿಲ್ಲ. ನಿನ್ನನ್ನು ಬೈಯಲೋ ಅಂಚೆಯವರನ್ನು ಬೈಯಲೋ ಗೊತ್ತಾಗಲಿಲ್ಲ. ಬೈಸಿಕೊಳ್ಳಬೇಕಾದವಳು ನಾನು.

ನಿನ್ನೆ ಬೆಳಿಗ್ಗೆ ಮಾಮನನ್ನು ಬಸ್ಸು ಹತ್ತಿಸಲು ಹೋಗಿದ್ದೆ. ಬ್ಯಾಗು ಹಿಡಿದುಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯಿಂದ ಕೈ ಚಾಚಿ ಟೇಪು ಕೊಟ್ಟ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಾನಿಲ್ಲ ಅಂತ ಮರೆತುಬಿಡಬೇಡ ಪುಟ್ಟಿ. ಅಳೆದ ಮೇಲೆ ಹತ್ತು ಕಳೆದೇ ಬರಿ. ಇಷ್ಟು ದಿನ ನಾನು ಕಳೆದು ಚೀಟಿ ಕೊಡ್ತಿದ್ದೆ, ನಿನಗೆ ಅಭ್ಯಾಸ ಇರಲ್ಲ."

"ನೀನು ಕಳೆದು ಬರೀತಿದ್ಯಾ?"

"ಮತ್ತೆ? ನಿಮ್ಮಪ್ಪನ ಕಾಲದಿಂದ ನಾನೇ ತಾನೇ ಕಳೆಯೋದು."

ಬಸ್ಸು ಹೊರಟುಹೋಯಿತು. ನಾನು ನಿಲ್ದಾಣದಲ್ಲಿ ಟೇಪು ಹಿಡಿದುಕೊಂಡು ಮರದ ಹಾಗೆ ನಿಂತಿದ್ದೆ. ಹಿಂದಿನಿಂದ ಯಾರೋ ದಾರಿ ಬಿಡಿ ಎಂದು ಬೈದರು.

ಅರ್ಥವಾಯಿತಾ ಅಪ್ಪ? ಅವನು ಗುಡ್ಡದ ಮೇಲೆ ಕಳೆದ. ನಾನು ರೂಮಿನಲ್ಲಿ ಕೂತು ಇನ್ನೊಮ್ಮೆ ಕಳೆದೆ. ಚಿಕ್ಕವಳಿದ್ದಾಗ ನಿಮ್ಮ ಜೊತೆ ಬಂದಾಗಲೆಲ್ಲ ಅವನು ಅಂಕಿ ಕೂಗುವುದು, ನೀನು ಬರೆದುಕೊಳ್ಳುವುದು ನೋಡಿದ್ದೆ. ಅವನು ಇದ್ದದ್ದನ್ನು ಕೂಗುತ್ತಾನೆ, ನೀನು ಕಳೆದು ಬರೆಯುತ್ತೀಯ ಎಂದೇ ತಿಳಿದಿದ್ದೆ. ನಾನೇ ಅಳೆದ ದಿನ ಕಳೆಯುತ್ತಿದ್ದವಳು ಒಬ್ಬಳೇ, ಅದಕ್ಕೆ ಸರಿ ಬರುತ್ತಿತ್ತು. ಮರೆತಿದ್ದೇನೆಯೇ ಎಂದು ಹುಡುಕಿದೆ. ಎರಡು ಸಲ ನೆನಪಾಗಿರಬಹುದೆಂದು ಹೊಳೆಯಲೇ ಇಲ್ಲ. ಒಂದು ಸಲ ಬಾಯಿ ಬಿಟ್ಟು, ಮಾಮ, ಹತ್ತು ಕಳೆದಿದ್ದೀಯಾ ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಉಪಗ್ರಹಗಳನ್ನೆಲ್ಲ ವಿಚಾರಿಸಿಕೊಂಡೆ, ಪಕ್ಕದಲ್ಲಿ ಟೀ ಕುಡಿಯುತ್ತ ಕೂತವನನ್ನು ಕೇಳಲಿಲ್ಲ.

ರೂಮಿಗೆ ಓಡಿಬಂದು ಅವನ ಚೀಟಿಗಳಲ್ಲಿದ್ದ ಅಂಕಿಗಳನ್ನು ಇದ್ದ ಹಾಗೇ ಹಾಕಿದೆ. ಅವನು ಗುಡ್ಡಕ್ಕೆ ಹೋದ ಅಷ್ಟೂ ದಿನಗಳು ಒಂದು ಸೆಂಟಿಮೀಟರಿನ ಒಳಗೆ ಕೂಡಿದವು. ನಾನು ಹೋದ ದಿನಗಳಿಗಿಂತ ಚೆನ್ನಾಗಿ ಕೂಡಿದವು. ಅಳುವುದೋ ನಗುವುದೋ ತಿಳಿಯದೆ ಕಂಪ್ಯೂಟರಿನ ಎದುರು ಕೂತಿದ್ದೆ.

ಮ್ಯಾನೇಜರಿಗೆ ಹೇಳಿದೆ. ಅವನೊಬ್ಬನಿಗೇ ಅಲ್ಲ, ಮೊನ್ನೆ ಇದ್ದವರೆಲ್ಲರನ್ನೂ ಅದೇ ರೂಮಿಗೆ ಕರೆಸಿ, ತಪ್ಪು ನನ್ನದು, ಅವರ ಕಣ್ಣು ಸರಿ ಇದೆ ಎಂದೆ. ಮ್ಯಾನೇಜರ್, ಹಾಗಾದ್ರೆ ಅವರನ್ನ ವಾಪಸ್ ಕರೆಸಿ ಮೇಡಂ ಎಂದ. ಸಹಿ ಹಾಕಿದ್ದೇನೆ. ಅಗೆಯುತ್ತಿದ್ದಾರೆ.

ಮಾಮ ಫೋನು ಎತ್ತುತ್ತಿಲ್ಲ. ನೀನು ಹೋಗಬೇಕು ಅಪ್ಪ. ಹಿಂದಿನ ಬೀದಿ, ನಲ್ಲಿ ತಿರುಗಿಸಲು ಹೋದೆಯಲ್ಲ, ಅಷ್ಟೇ ದೂರ. ಮಾತು ಬಿಟ್ಟಿದ್ದೀಯ ಎಂದು ಗೊತ್ತು. ನನಗೋಸ್ಕರ ಹೋಗು.

ನಿನ್ನ ಮಗಳು


ಮಾರ್ಚ್ 28

ನಿನ್ನ ಇಪ್ಪತ್ತನಾಲ್ಕರ ಪತ್ರ ಬಂತು.

ನನಗೆ ಅವನು ಮಾಡಿದ್ದನ್ನೇ ಅವನಿಗೆ ನೀನು ಮಾಡಿದೆ. ಖುಷಿಯಾಗಬೇಕಿತ್ತು. ಆಗಲಿಲ್ಲ.

ಅಪ್ಪ


ಏಪ್ರಿಲ್ 2

ಅಪ್ಪ,

ಹೌದು, ಮಾಡಿದೆ. ಇಪ್ಪತ್ತಾರರ ಪತ್ರ ಇಷ್ಟು ಹೊತ್ತಿಗೆ ಸಿಕ್ಕಿರಬೇಕು. ಸಿಕ್ಕಿದ್ದರೆ ಇದನ್ನು ಓದುತ್ತ ಕೂರಬೇಡ, ಚಪ್ಪಲಿ ಮೆಟ್ಟಿಕೊಂಡು ಹೊರಡು.

ನಿನ್ನ ಮಗಳು


ಏಪ್ರಿಲ್ 5

ಮಗಳೇ,

ಚಪ್ಪಲಿ ಮೆಟ್ಟಿಕೊಳ್ಳಲು ನೀನು ಹೇಳಿಕೊಡಬೇಕಾಗಿಲ್ಲ. ಇಪ್ಪತ್ತಾರರ ಪತ್ರ ಬಂದ ದಿನವೇ ಹೋದೆ.

ಮೊದಲು ಒಂದು ಮಾತು. ಅವನೇ ಕಳೆಯುತ್ತಿದ್ದ ಎಂದು ನನಗೆ ಗೊತ್ತಿತ್ತು. ನಾನು ಒಂದು ದಿನವೂ ಕಳೆದವನಲ್ಲ. ನೀನು ಕಳೆಯುತ್ತೇನೆ ಎಂದು ಬರೆದಾಗ, ನೀನೇ ಅಳೆದ ದಿನದ ಮಾತು ಎಂದುಕೊಂಡೆ. ಮೂರು ಜನಕ್ಕೂ ಆ ಹತ್ತು ಗೊತ್ತು, ಮೂವರೂ ಬಾಯಿ ಮುಚ್ಚಿಕೊಂಡಿದ್ದೆವು. ಟೇಪಿನ ವಿಷಯ ಬಾಯಿ ಬಿಡಬೇಡಿ ಎಂದು ಕಲಿಸಿದವನು ನಾನೇ.

ಬಾಗಿಲು ತೆರೆದಿತ್ತು. ಅವನು ಕಿಟಕಿಯ ಬಳಿ ಕೂತು ಕ್ಯಾಲೆಂಡರ್ ಓದುತ್ತಿದ್ದ. ಮೂಗಿನ ಮೇಲೆ ಕನ್ನಡಕ! ಬಂದ ಮಾರನೇ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾನೆ. ದೃಷ್ಟಿ ಚೆನ್ನಾಗಿದೆ, ಕನ್ನಡಕ ಬೇಡ ಎಂದು ಅವರು ವಾಪಸ್ ಕಳಿಸಿದ್ದಾರೆ. ಇವನು ನಂಬಿಲ್ಲ. ಎತ್ತರದ ಲೆಕ್ಕದಲ್ಲಿ ನನ್ನ ಅಕ್ಕನ ಮಗಳು ತಪ್ಪುವವಳಲ್ಲ, ಅವಳು ಹೇಳಿದ್ದಾಳೆ ಅಂದರೆ ಏನೋ ಇದೆ ಎಂದು ರಸ್ತೆ ಬದಿಯ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಂಡು ಹಾಕಿಕೊಂಡಿದ್ದಾನೆ. ಅದನ್ನು ಹಾಕಿಕೊಂಡರೆ ನಾನು ಯಾರೆಂದೂ ಅವನಿಗೆ ಸರಿಯಾಗಿ ಕಾಣುವುದಿಲ್ಲ.

ನನ್ನ ದನಿ ಎಷ್ಟು ದೊಡ್ಡದು ಎಂದು ನನಗೆ ಈಗ ತಿಳಿಯುವುದಿಲ್ಲ. ನೀನು ಕಳೆದ ಹತ್ತನ್ನೇ ಅವಳು ಇನ್ನೊಮ್ಮೆ ಕಳೆದಿದ್ದಾಳೆ ಕಣೋ, ನಿನ್ನ ಕಣ್ಣು ಸರಿ ಇದೆಯಂತೆ ಎಂದೆ. ಬೀದಿಯವರೆಲ್ಲ ಬಾಗಿಲಿಗೆ ಬಂದರಂತೆ. ಒಳ್ಳೆಯದೇ ಆಯಿತು, ಎಲ್ಲರಿಗೂ ಗೊತ್ತಾಗಲಿ.

ಅವನು ಏನೋ ಕೇಳಿದ. ನನಗೆ ಕೇಳಿಸಲಿಲ್ಲ. ಎದ್ದು ಬಂದು ನನ್ನ ಕಿವಿಯ ಹತ್ತಿರ ಬಾಯಿಟ್ಟು, ಹಿಂದೆ ಹೊಲದ ಆಚೆ ತುದಿಯಿಂದ ಅಂಕಿ ಕೂಗುತ್ತಿದ್ದ ಹಾಗೆ ಕೂಗಿದ, ಕೂಡಿತಾ ಎಂದು. ನೀನು ಹೋದ ಅಷ್ಟೂ ದಿನ ಒಂದು ಸೆಂಟಿಮೀಟರಿನ ಒಳಗೆ ಕೂಡಿದೆ ಎಂದೆ. ಅವನು ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ.

"ತಪ್ಪು ಟೇಪಿನದು, ಸರಿ. ಆದ್ರೆ ನನ್ನ ಕಣ್ಣು ಅಂತ ಅವಳಿಗೆ ಅನ್ನಿಸಿಬಿಡ್ತಲ್ಲ ಭಾವ."

"ನನ್ನ ಕಿವಿ ಅಂತ ನಿನಗೂ ಅನ್ನಿಸಿತ್ತು."

"ನಿಮ್ಮ ಕಿವಿ ನಿಜವಾಗ್ಲೂ ಹೋಗಿತ್ತು."

ಇಷ್ಟು ಮಾತು ನಡೆಸುವುದಕ್ಕೆ ಅವನು ಗಂಟಲು ಹರಿದುಕೊಂಡು ಕೂಗಬೇಕಾಯಿತು. ಮಾತು ಬಿಟ್ಟ ಮೇಲೆ ಇದೇ ಮೊದಲು. ಅಲ್ಲೇ ಕೂತು ಟೀ ಕುಡಿದು ಬಂದೆ. ಬಸ್ಸು ಕಾಣದ ಆ ದಿನ ನನ್ನ ಕಾಗದದ್ದೇ ಯೋಚನೆಯಲ್ಲಿದ್ದನಂತೆ. ಮಾರನೇ ದಿನ ಅವನು ಇಲ್ಲಿಗೆ ಬಂದ. ಈಗ ದಿನಾ ಬರುತ್ತಾನೆ. ಕಿವಿಯ ಯಂತ್ರ ಡಬ್ಬಿಯಿಂದ ತೆಗೆದಿದ್ದೇನೆ.

ಮ್ಯಾನೇಜರ್ ವಾಪಸ್ ಕರೆದ ವಿಷಯ ಹೇಳಿದೆ. ಅದಕ್ಕೆ ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. ನಿನ್ನ ಪತ್ರ ಓದಲು ಕೊಟ್ಟರೆ ಹಾಗೇ ಮಡಿಸಿ ನನಗೇ ಕೊಟ್ಟ. ನನ್ನ ಕೈಯಲ್ಲಿ ಹೇಳಿಸಬೇಡ, ಕಾಗದದಲ್ಲಿ ಬರೆಯಬೇಡ, ನೀನೇ ಬಂದು ಹೇಳು. ಕನ್ನಡಕ ತೆಗೆಯೋ ಎಂದು ದಿನಾ ಬೈಯುತ್ತಿದ್ದೇನೆ. ಪುಟ್ಟಿ ಹೇಳಿದ ಮೇಲೆ ಹಾಕಿಕೊಂಡದ್ದು, ಪುಟ್ಟಿ ಹೇಳಿದರೆ ತೆಗೆಯುತ್ತೇನೆ ಎನ್ನುತ್ತಾನೆ.

ಬೇಗ ಬಾ. ನಿನ್ನೆ ನಮ್ಮ ಮನೆಯ ಮೆಟ್ಟಿಲಲ್ಲಿ ಎಡವಿ ಬಿದ್ದ.

ನಿನ್ನ ಅಪ್ಪ